ಕಾರಿನ ಬ್ರೇಕ್ ನಿರ್ವಹಣೆ

ಕಾರಿನ ಬ್ರೇಕ್ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ ಬ್ರೇಕ್ ಆಯಿಲಿನ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ಈ ದಾರಿಯಲ್ಲಿ ಸವೆಯುವ, ಹಳಸುವ, ಸೋರುವ ಭಾಗಗಳನ್ನು ಕಾಲಕಾಲಕ್ಕೆ ನೋಡಿ ಸರಿಪಡಿಸುವುದೇ ಬ್ರೇಕ್ ನಿರ್ವಹಣೆ. ಭಾರತದ ಬಹುಪಾಲು ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುತ್ತವೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚು ದುಡಿಯುವುದೂ ಬೇಗ ಸವೆಯುವುದೂ ಮುಂದಿನ ಬ್ರೇಕ್‌ಗಳೇ.

ಡಿಸ್ಕನ್ನು ಒತ್ತಿ ಹಿಡಿಯುವ ಹೊಸ ಪ್ಯಾಡಿನ ಘರ್ಷಣೆಯ ಪದರ ಸುಮಾರು 10 ಮಿ.ಮೀ. ದಪ್ಪವಿರುತ್ತದೆ, 3 ಮಿ.ಮೀ.ಗೆ ಇಳಿದರೆ ಬದಲಿಸುವುದು ವಾಡಿಕೆ. ಹಲವು ಪ್ಯಾಡುಗಳಲ್ಲಿ ಸಣ್ಣ ಲೋಹದ ಪಟ್ಟಿಯೊಂದು ಸೇರಿರುತ್ತದೆ. ಸವೆತ ಮಿತಿ ಮುಟ್ಟಿದಾಗ ಅದು ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಮೇಲೆ ಕೂರುವ ತೆಳು ತುಕ್ಕೂ ಬೆಳಿಗ್ಗೆ ಸದ್ದು ಮಾಡುವುದುಂಟು, ಆದರೆ ನಾಲ್ಕಾರು ಸಲ ಬ್ರೇಕ್ ಹಾಕಿದರೆ ಅದು ಹೋಗುತ್ತದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಪ್ಯಾಡುಗಳನ್ನು ಎಡಬಲ ಜೋಡಿಯಾಗಿಯೇ ಬದಲಿಸಬೇಕು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ, ಅಂದರೆ ಮೊದಲ ಇನ್ನೂರು ಮುನ್ನೂರು ಕಿ.ಮೀ., ಅನಿವಾರ್ಯವಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕದಿರುವುದು ಒಳಿತು.

ಪ್ಯಾಡ್ ಸದ್ದು ಮಾಡಿ ಎಚ್ಚರಿಸುತ್ತದೆ, ಆಯಿಲ್ ಎಚ್ಚರಿಸುವುದಿಲ್ಲ. ನಿರ್ಲಕ್ಷ್ಯಕ್ಕೆ ಹೆಚ್ಚಾಗಿ ಗುರಿಯಾಗುವುದೂ ಅದೇ. ಸಾಮಾನ್ಯ ಬಳಕೆಯ ಡಾಟ್ 3 ಮತ್ತು ಡಾಟ್ 4 ಆಯಿಲುಗಳು ಗ್ಲೈಕಾಲ್ ಮೂಲದವು. ರಬ್ಬರ್ ಹೋಸುಗಳ ಮೂಲಕವೂ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತವೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 155 ಡಿಗ್ರಿಗೆ ಕುಸಿಯುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯನ್ನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಇಂಥ ಹಳೆಯ ಆಯಿಲ್, ಪಿಸ್ಟನ್ ಮೂಲಕ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ಕುದಿದು ಆವಿಯಾಗಬಹುದು. ಆವಿ ಒತ್ತಡಕ್ಕೆ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ಇಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ತಣಿದ ಮೇಲೆ ಎಲ್ಲವೂ ಮೊದಲಿನಂತೆಯೇ ಇರುವುದರಿಂದ ಗ್ಯಾರೇಜಿನಲ್ಲಿ ದೋಷ ಸಿಗದೆ ಹೋಗುವುದೂ ಉಂಟು. ಇಳಿಜಾರಿನಲ್ಲಿ ಎರಡನೇ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು, ನ್ಯೂಟ್ರಲ್ ಎಂದೂ ಸಲ್ಲದು. ಹೆಚ್ಚಿನ ತಯಾರಕರು ಸುಮಾರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುತ್ತಾರೆ.

ಕಾರಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯೆಂದು ಕೂಡಲೇ ತುಂಬಿಸುವುದು ಒಳ್ಳೆಯ ಅಭ್ಯಾಸವಲ್ಲ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದು ಮಟ್ಟ ತಾನಾಗಿ ಇಳಿಯುತ್ತದೆ. ಆಗ ಮೇಲಿನ ಗೆರೆಯವರೆಗೆ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆಯಿಲ್ ಉಕ್ಕಿ ಚೆಲ್ಲುತ್ತದೆ; ಅದು ಕಾರಿನ ಬಣ್ಣವನ್ನೇ ಕೀಳಬಲ್ಲದು. ಪ್ಯಾಡ್ ಚೆನ್ನಾಗಿದ್ದೂ ಮಟ್ಟ ಇಳಿಯುತ್ತಿದ್ದರೆ ಸೋರಿಕೆ ಹುಡುಕಬೇಕು. ಎಂಜಿನ್ ಆಯಿಲ್ ತಪ್ಪಿ ಒಂದಿಷ್ಟು ಬಿದ್ದರೂ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ.

ಪೆಡಲಿನ ವರ್ತನೆಯಿಂದ ಬಹಳಷ್ಟು ತಿಳಿಯುತ್ತದೆ. ಮೆತ್ತಗೆ ಕುಸಿದರೆ ಒಳಗೆ ಗಾಳಿ ಸೇರಿರಬಹುದು, ಅದನ್ನು ಬ್ಲೀಡಿಂಗ್ ಮಾಡಿ ತೆಗೆಯುತ್ತಾರೆ. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಹೊರಗೆ ಸೋರಿಕೆಯೋ ಮಾಸ್ಟರ್ ಸಿಲಿಂಡರಿನ ಸೀಲಿನ ದೋಷವೋ ಇರುತ್ತದೆ. ಡಿಸ್ಕಿನ ದಪ್ಪ ಏರುಪೇರಾಗಿದ್ದರೆ ಪೆಡಲ್ ನಡುಗುತ್ತದೆ. ಕ್ಯಾಲಿಪರ್ ಸಿಕ್ಕಿಕೊಂಡರೆ ಕಾರು ಒಂದು ಬದಿಗೆ ಎಳೆಯುತ್ತದೆ. ಪೆಡಲ್ ಒತ್ತುವ ಬಲಕ್ಕೆ ನೆರವಾಗುವ ನಿರ್ವಾತ ಬೂಸ್ಟರಿನ ಪರೀಕ್ಷೆ ಮನೆಯಲ್ಲೇ ಆಗುವಂಥದು: ಎಂಜಿನ್ ಆರಿಸಿ, ಗಟ್ಟಿಯಾಗುವವರೆಗೆ ಪೆಡಲನ್ನು ಮತ್ತೆ ಮತ್ತೆ ಒತ್ತಿ, ಕಾಲು ಹಾಗೆಯೇ ಇಟ್ಟು ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು.

ಎಬಿಎಸ್ ಇರುವ ಕಾರಿನಲ್ಲಿ ಚಕ್ರದ ಸೆನ್ಸರಿಗೆ ಕೆಸರು ಮೆತ್ತಿದರೂ ಎಚ್ಚರಿಕೆಯ ದೀಪ ಹತ್ತಬಹುದು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿನ ಪಿಸ್ಟನ್ನನ್ನು ಬಲವಂತವಾಗಿ ಒತ್ತದೆ, ತಯಾರಕರು ಹೇಳಿದ ಸರ್ವಿಸ್ ಕ್ರಮದಲ್ಲೇ ಹಿಂದೆ ಸರಿಸಬೇಕು. ವಿದ್ಯುತ್ ಕಾರುಗಳಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಪ್ಯಾಡ್ ನಿಧಾನವಾಗಿ ಸವೆಯುತ್ತದೆ, ಆದರೆ ಬಳಕೆ ಕಡಿಮೆಯಾಗಿ ಡಿಸ್ಕಿಗೆ ತುಕ್ಕು ಹಿಡಿಯುವ ಸಂಭವ ಹೆಚ್ಚು. ಬ್ರೇಕ್ ಆಯಿಲನ್ನು ಅವುಗಳಲ್ಲೂ ತಯಾರಕರು ಹೇಳಿದ ಅವಧಿಗೆ ಪರೀಕ್ಷಿಸಿ ಬದಲಿಸಬೇಕಾಗುತ್ತದೆ.