ಕಸೂತಿ: ಬಿಡುವಿನ ವೇಳೆಯ ಲೆಕ್ಕ

ಕಸೂತಿಯ ಸೀರೆಯೊಂದನ್ನು ಕೈಗೆ ಕೊಟ್ಟರೆ ಧಾರವಾಡದ ಕಡೆಯ ಬಲ್ಲ ಹೆಣ್ಣುಮಕ್ಕಳು ಮೊದಲು ನೋಡುವುದು ಅದರ ಮುಂಬದಿಯನ್ನಲ್ಲ. ಸೆರಗನ್ನು ಹೊರಳಿಸಿ ಹಿಂಬದಿಯನ್ನು ನೋಡುತ್ತಾರೆ. ಮುಂಬದಿಯಲ್ಲಿ ಕಂಡ ಗೋಪುರವೋ ತುಳಸಿಕಟ್ಟೆಯೋ ಅಲ್ಲಿಯೂ ಅಷ್ಟೇ ಅಚ್ಚುಕಟ್ಟಾಗಿ ಕಂಡರೆ, ಬೆರಳಾಡಿಸಿದಾಗ ಎಲ್ಲಿಯೂ ಗಂಟು ತಾಗದಿದ್ದರೆ, ಹೊಲಿದವಳು ಬಲ್ಲವಳು ಎಂದು ತೀರ್ಮಾನ. ಬಹುತೇಕ ಕೈಹೊಲಿಗೆಗಳಲ್ಲಿ ಹಿಂಬದಿ ಎಂಬುದು ಮುಚ್ಚಿಡಬೇಕಾದ ಅಡುಗೆಮನೆಯಂತೆ. ಕಸೂತಿಯಲ್ಲಿ ಹಾಗಲ್ಲ.

ಇಂದಿನ ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸೀಮೆಯಲ್ಲಿ ಬೆಳೆದ ಈ ಕಲೆಯ ಹೆಸರು ಈಗ ಹುಬ್ಬಳ್ಳಿ-ಧಾರವಾಡದೊಂದಿಗೆ ಅಂಟಿಕೊಂಡಿದೆ. ಆದರೆ ಇದು ಬಿದರಿ ಕೆಲಸದಂತೆ ಕಾರ್ಖಾನೆಯಲ್ಲಿ ಹುಟ್ಟಿದ ಕಲೆಯಲ್ಲ, ನೇಕಾರಿಕೆಯಂತೆ ಒಂದು ಸಮುದಾಯದ ಕುಲಕಸುಬೂ ಅಲ್ಲ. ಬೇರೆ ಬೇರೆ ಜಾತಿಗಳ ಮನೆಗಳಲ್ಲಿ, ಹೆಂಗಸರು ತಮ್ಮ ಬಿಡುವಿನ ವೇಳೆಯಲ್ಲಿ, ತಮಗಾಗಿ ಮತ್ತು ತಮ್ಮ ಮಕ್ಕಳಿಗಾಗಿ ಮಾಡಿಕೊಂಡು ಬಂದದ್ದು. ಕಸೂತಿಯ ಚೆಲುವು, ಅದರ ಶಿಸ್ತು, ಇಂದಿನ ಅದರ ಸಂಕಟ ಮೂರಕ್ಕೂ ಮೂಲ ಈ ಬಿಡುವಿನಲ್ಲಿದೆ.

ಹೆಸರು ಮತ್ತು ಹಳಮೆ

'ಕೈ' ಮತ್ತು 'ಸೂತಿ' ಅಂದರೆ ಕೈ ಮತ್ತು ನೂಲು ಸೇರಿ ಕಸೂತಿಯಾಯಿತು ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಉತ್ತರ ಭಾರತದಲ್ಲಿ ಸೂಜಿಯ ಚಿತ್ತಾರಕ್ಕೆ 'ಕಶೀದಾ' ಎನ್ನುತ್ತಾರೆ. ಅದು 'ಎಳೆಯುವುದು' ಎಂಬ ಅರ್ಥದ ಪಾರಸಿ ಪದದಿಂದ ಬಂದದ್ದು. ವಿಜಯಪುರದ ಆದಿಲಶಾಹಿ ಕಾಲದಲ್ಲಿ ನೂರಾರು ಪಾರಸಿ ಪದಗಳು ಈ ಭಾಗದ ಕನ್ನಡದಲ್ಲಿ ಬೆರೆತದ್ದನ್ನು ನೆನೆದರೆ ಈ ಎರಡು ಪದಗಳ ಹೋಲಿಕೆಯನ್ನೂ ಸುಮ್ಮನೆ ತಳ್ಳಿಹಾಕಲಾಗದು.

ಕಸೂತಿ ಚಾಲುಕ್ಯರ ಕಾಲದಷ್ಟು ಹಳೆಯದು ಎಂದು ಹೇಳುವ ರೂಢಿಯಿದೆ. ಸೂಜಿಯ ಕೆಲಸ ನಮ್ಮ ನಾಡಿನಲ್ಲಿ ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ವಾತ್ಸ್ಯಾಯನನು ಹೇಳಿದ 64 ಕಲೆಗಳ ಪಟ್ಟಿಯಲ್ಲಿ ಸೂಜಿಯ ಕೆಲಸವೂ ಸೇರಿದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನು ಉಡುವ ವಸ್ತ್ರಗಳಿಗಾಗಿಯೇ ಒಂದು ಭಾಗವಿದೆ. ಲಕ್ಕುಂಡಿಯಂಥ ಕಡೆಗಳ ದೇವಾಲಯಗಳ ಕಲ್ಲಿನಲ್ಲಿಯೂ ಚೌಕ, ಮೆಟ್ಟಿಲು, ನಕ್ಷತ್ರಗಳ ಲೆಕ್ಕಾಚಾರದ ವಿನ್ಯಾಸಗಳಿಗೆ ಕೊರತೆಯಿಲ್ಲ. ಆದರೆ ಶಿಲ್ಪಿಯು ಕಲ್ಲಿನಲ್ಲಿ ಕಡೆದ ಸೀರೆಯ ಚಿತ್ತಾರವು ನೇಯ್ದದ್ದೋ, ಅಚ್ಚೊತ್ತಿದ್ದೋ, ಸೂಜಿಯಿಂದ ಮೂಡಿದ್ದೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಬಟ್ಟೆ ನಮ್ಮ ಹವೆಯಲ್ಲಿ ಬಹುಕಾಲ ಬಾಳುವುದೂ ಇಲ್ಲ. ಉಟ್ಟು ಹಳೆಯದಾದ ಸೀರೆ ಕೊನೆಗೆ ಕೌದಿಯೊಳಗೆ ಸೇರಿಹೋಗುತ್ತಿತ್ತು. ಹಾಗಾಗಿ ಕಸೂತಿಯ ಇತಿಹಾಸವನ್ನು ಶಾಸನಗಳಲ್ಲಿ ಹುಡುಕುವುದಕ್ಕಿಂತ ಅದರ ಹೊಲಿಗೆಗಳಲ್ಲಿಯೇ ಓದುವುದು ಹೆಚ್ಚು ಫಲದಾಯಕ.

ನಾಲ್ಕು ಹೊಲಿಗೆಗಳು

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರಗಿ, ನೇಗಿ ಮತ್ತು ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಸಾಲಿನಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯುತ್ತ ಹೋಗುತ್ತದೆ. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತ, ಹೋಗುವಾಗ ಬಿಟ್ಟಿದ್ದ ಎಡೆಗಳನ್ನು ತುಂಬುತ್ತದೆ. ಹೀಗೆ ಎರಡೂ ಬದಿಗೆ ಎಡೆಬಿಡದ ಒಂದೇ ಗೆರೆ ಮೂಡುತ್ತದೆ. ಈ ಹೆಸರು 'ಗಂಟು' ಎಂಬುದರಿಂದ ಬಂದಿತೆನ್ನುತ್ತಾರೆ. ಗಂಟನ್ನೇ ಹಾಕಬಾರದ ಹೊಲಿಗೆಗೆ ಇಂಥ ಹೆಸರು ಬಂದದ್ದೊಂದು ಸ್ವಾರಸ್ಯ. ಮುರಗಿಯೂ ಇದೇ ಜಾತಿಯದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ನೇಗಿ ಎಂದರೆ ನೇಯ್ಗೆ. ಉದ್ದ ಗಿಡ್ಡ ಹೊಲಿಗೆಗಳು ಸಾಲಾಗಿ ಕೂಡಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ, ಹಿಂಬದಿಯಲ್ಲಿ ಅದರ ಪ್ರತಿಚಿತ್ರ ಮೂಡುತ್ತದೆ. ಮೆಂತ್ಯದ ಕಾಳು ಚೆಲ್ಲಿದಂತೆ ಕಾಣುವ ಅಡ್ಡಕತ್ತರಿ ಹೊಲಿಗೆಯೇ ಮೆಂತಿ. ಇವುಗಳಲ್ಲಿ ಎರಡು ಬದಿಗೂ ತದ್ರೂಪವಾಗಿ ಕಾಣುವುದು ಗವಂತಿ ಮತ್ತು ಮುರಗಿ.

ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುವುದಾಗಲಿ, ಕಾರ್ಬನ್ ಕಾಗದ ಇಟ್ಟು ನಕಲು ಇಳಿಸುವುದಾಗಲಿ ಸಾಂಪ್ರದಾಯಿಕ ಕಸೂತಿಯಲ್ಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಚಿತ್ರ ಬೆಳೆಯಬೇಕು. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಅಂಬಾರಿಗೆ ತಾಗುತ್ತದೆ, ಬಿಚ್ಚಿ ಮತ್ತೆ ಹೊಲಿಯದೆ ಗತ್ಯಂತರವಿಲ್ಲ. ಎಳೆಗಳು ಸ್ಪಷ್ಟವಾಗಿ ಕಾಣುವ ಕೈಮಗ್ಗದ ಬಟ್ಟೆಗೂ ಈ ಕಲೆಗೂ ನಂಟು ಬೆಳೆದದ್ದು ಇದರಿಂದಲೇ. ಇಳಕಲ್ ಸೀರೆಯ ಒಡಲು ಮತ್ತು ಸೆರಗು, ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆ, ಕುಪ್ಪಸ, ಕೂಸಿನ ಕುಂಚಿಗೆ, ಕುಲಾಯಿ ಇವೆಲ್ಲ ಕಸೂತಿಯ ನೆಲೆಗಳು. ಸೀರೆಯಲ್ಲಿ ಸೆರಗಿನ ಹತ್ತಿರ ಗೋಪುರ, ತೇರು, ಪಲ್ಲಕ್ಕಿ, ಆನೆಯಂಥ ದೊಡ್ಡ ಚಿತ್ರಗಳಿರುತ್ತವೆ. ದೂರ ಸರಿದಂತೆ ಅವು ಚಿಕ್ಕದಾಗುತ್ತ ಗಿಳಿ, ಹೂವು, ಚಿಕ್ಕೆಗಳಾಗಿ ಕೊನೆಗೊಳ್ಳುತ್ತವೆ. ಜಾತ್ರೆಯಲ್ಲಿ ಕಂಡದ್ದು, ಅಂಗಳದಲ್ಲಿದ್ದದ್ದು, ತೊಟ್ಟಿಲ ಬಳಿ ಕೂತು ನೆನೆದದ್ದು ಎಲ್ಲವೂ ಅಲ್ಲಿ ಎಳೆಯ ಲೆಕ್ಕಕ್ಕೆ ಒಳಪಟ್ಟಿವೆ.

ಹೋಲ್ಬೈನ್ ಮತ್ತು ಆಯ್ಲರ್

ಗವಂತಿಯ ಸೋದರಿಯೊಬ್ಬಳು ಯುರೋಪಿನಲ್ಲಿದ್ದಾಳೆ. ಅಲ್ಲಿ ಅದನ್ನು 'ಹೋಲ್ಬೈನ್ ಹೊಲಿಗೆ' ಎನ್ನುತ್ತಾರೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಕಾರ ಹಾನ್ಸ್ ಹೋಲ್ಬೈನ್ 1543ರಲ್ಲಿ ತೀರಿಕೊಂಡ. ರಾಣಿಯರ, ಸಿರಿವಂತರ ಭಾವಚಿತ್ರಗಳಲ್ಲಿ ಅವರ ತೋಳಿನಂಚಿನ ಕಪ್ಪು ದಾರದ ಹೊಲಿಗೆಯನ್ನು ಆತ ಎಷ್ಟು ನಿಖರವಾಗಿ ಚಿತ್ರಿಸಿದ್ದನೆಂದರೆ ಹೊಲಿಗೆಗೆ ಅವನ ಹೆಸರೇ ನಿಂತಿತು. ತೋಳಿನಂಚು ಮಡಚಿದಾಗ ಒಳಬದಿಯೂ ಕಾಣುತ್ತದೆ, ಆದ್ದರಿಂದ ಅಲ್ಲಿಯೂ ಎರಡು ಬದಿ ಒಂದೇ ತೆರನಾಗಿರಬೇಕಿತ್ತು. ನಮ್ಮಲ್ಲಿ ಸೆರಗು ಗಾಳಿಗೆ ಹೊರಳುತ್ತದೆ, ಹೆಗಲ ಮೇಲಿಂದ ಇಳಿದು ತಲೆಯ ಮೇಲೆ ಬರುತ್ತದೆ. ಎರಡು ಬದಿಯೂ ಲೋಕದ ಕಣ್ಣಿಗೆ ಬೀಳುವ ಬಟ್ಟೆಗೆ ಎರಡು ಬದಿಯ ಹೊಲಿಗೆ ಒಪ್ಪುತ್ತದೆ.

ಸೂಜಿ ಹೊರಟಲ್ಲಿಗೇ ಹೇಗೆ ಮರಳಿ ಬರುತ್ತದೆ ಎಂಬುದು ಕಲಿಯುವವರನ್ನು ಕಾಡುವ ಪ್ರಶ್ನೆ. ಒಂದು ಗೋಪುರದಲ್ಲಿ ಹತ್ತಾರು ಕವಲುಗಳಿರುತ್ತವೆ. ದಾರ ಕಡಿಯದೆ ಎಲ್ಲವನ್ನೂ ಸುತ್ತಿಬರುವುದು ಸಾಧ್ಯವೇ? ಇದಕ್ಕೆ ಉತ್ತರ ಗಣಿತದಲ್ಲಿದೆ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ತಲಾ ಒಮ್ಮೆ ಮಾತ್ರ ದಾಟಿ ಊರು ಸುತ್ತಬಹುದೇ ಎಂಬ ಸಮಸ್ಯೆಯನ್ನು 1736ರಲ್ಲಿ ಲಿಯೊನಾರ್ಡ್ ಆಯ್ಲರ್ ಬಿಡಿಸಿದ. ಹೊರಟಲ್ಲಿಗೇ ಮರಳಬೇಕಾದರೆ ಪ್ರತಿ ಕೂಡುಸ್ಥಳದಲ್ಲಿ ಸೇರುವ ದಾರಿಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕು ಎಂಬುದು ಅವನ ಕಾಣ್ಕೆ. ಕೋನಿಗ್ಸ್‌ಬರ್ಗಿನಲ್ಲಿ ಹಾಗಿರಲಿಲ್ಲ, ಆದ್ದರಿಂದ ಆ ಸುತ್ತಾಟ ಅಸಾಧ್ಯವಾಗಿತ್ತು. ಗವಂತಿಯಲ್ಲಿ ಪ್ರತಿಯೊಂದು ಗೆರೆಯ ಮೇಲೂ ಸೂಜಿ ಎರಡು ಸಲ ನಡೆಯುತ್ತದೆ, ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಕೆಳಗೆ. ಪ್ರತಿ ದಾರಿಯೂ ಇಮ್ಮಡಿಯಾದಾಗ ಎಲ್ಲ ಕೂಡುಸ್ಥಳಗಳೂ ತಾವಾಗಿಯೇ ಸಮಸಂಖ್ಯೆಯವಾಗುತ್ತವೆ. ಚಿತ್ರ ಎಲ್ಲಿಯೂ ತುಂಡಾಗದೆ ಕೂಡಿಕೊಂಡಿದ್ದರೆ ಮರಳುವ ದಾರಿ ಇದ್ದೇ ಇರುತ್ತದೆ. ಯಾವ ಕವಲನ್ನು ಹೋಗುವಾಗ ಮುಗಿಸಬೇಕು, ಯಾವುದನ್ನು ಬರುವಾಗ ಎಂಬುದನ್ನು ಕಂಡುಕೊಳ್ಳುವುದೇ ಜಾಣ್ಮೆ. ಆಯ್ಲರನ ಹೆಸರು ಕೇಳದ ಅಜ್ಜಿಯರು ಈ ಜಾಣ್ಮೆಯನ್ನು ಬೆರಳಿನಲ್ಲಿ ಇಟ್ಟುಕೊಂಡು ಮೊಮ್ಮಕ್ಕಳಿಗೆ ದಾಟಿಸಿದರು.

ಮನಸ್ಸಿಗೆ ಏಕೆ ಹಿತ

ಸೂಜಿ ಹಿಡಿದು ಕೂತರೆ ಮನಸ್ಸು ಹಗುರಾಗುತ್ತದೆ ಎಂಬುದನ್ನು ಹೊಲಿದವರೆಲ್ಲ ಬಲ್ಲರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರಿಗಾಗಿ 1918ರಲ್ಲಿ ಅಲ್ಲಿ ಕಸೂತಿಗೆಂದೇ ಒಂದು ಸಂಸ್ಥೆ ಹುಟ್ಟಿಕೊಂಡಿತ್ತು. ಬಂದೂಕು ಹಿಡಿದಿದ್ದ ಗಂಡಸರು ಸೂಜಿ ಹಿಡಿದರು. ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ 1975ರ ತನ್ನ ಪುಸ್ತಕದಲ್ಲಿ, ಒಂದೇ ಮಾತನ್ನೋ ಸದ್ದನ್ನೋ ಪುನರಾವರ್ತಿಸುತ್ತ, ನಡುವೆ ನುಗ್ಗುವ ಯೋಚನೆಗಳನ್ನು ಹಗುರವಾಗಿ ಬದಿಗಿಟ್ಟರೆ ಎದೆಬಡಿತ, ಉಸಿರಾಟಗಳು ನಿಧಾನಗೊಳ್ಳುತ್ತವೆ ಎಂದು ವಿವರಿಸಿದ. ಜಪಮಾಲೆ ಎಣಿಸುವವರಿಗೆ ಇದು ಹೊಸ ಸಂಗತಿಯೇನಲ್ಲ. ಕಸೂತಿಯಲ್ಲಿ ಮಾಲೆಯ ಬದಲು ಬಟ್ಟೆಯಿದೆ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಎಣಿಸುವ ಮನಸ್ಸಿಗೆ ನಾಳೆಯ ಚಿಂತೆಗೆ ಎಡೆಕೊಡಲು ಪುರಸೊತ್ತಿರುವುದಿಲ್ಲ. ಆದರೆ ಲೆಕ್ಕ ತೀರ ಕಠಿಣವೂ ಅಲ್ಲ, ಮಗ್ಗುಲಲ್ಲಿ ಕೂತವರೊಡನೆ ಮಾತು ನಡೆಯುತ್ತಿರುತ್ತದೆ.

ಹಾಗೆಂದು ಹಿಂದಿನ ಬಿಡುವನ್ನು ಅತಿಯಾಗಿ ಬಣ್ಣಿಸಬಾರದು. ನಸುಕಿನಿಂದ ನೀರು, ಒಲೆ, ಬೀಸುವುದು, ಕುಟ್ಟುವುದರಲ್ಲಿ ಸವೆದ ಹೆಣ್ಣಿಗೆ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ದೊರೆಯುತ್ತಿದ್ದ ತಾಸೆರಡು ತಾಸೇ ಅವಳದು. ಆಗಲೂ ಸುಮ್ಮನೆ ಕೂತರೆ ಮಾತು ಬರುತ್ತಿತ್ತು. ಕೈಯಲ್ಲಿ ಸೂಜಿಯಿದ್ದರೆ ಯಾರೂ ಎಬ್ಬಿಸುತ್ತಿರಲಿಲ್ಲ. ಮಗಳ ಮದುವೆಗೆ ಸೀರೆ, ಬರುವ ಕೂಸಿಗೆ ಕುಂಚಿಗೆ ಎಂಬ ಕಾರಣವಿದ್ದುದರಿಂದ ಆ ಕೂರುವಿಕೆಗೆ ಮರ್ಯಾದೆಯಿತ್ತು. ಕಸೂತಿಯು ಹೆಣ್ಣು ತನ್ನ ವೇಳೆಯನ್ನು ತಾನೇ ಉಳಿಸಿಕೊಂಡ ಬಗೆಯೂ ಹೌದು.

ಬಿಡುವಿಗೆ ಬೆಲೆ ಕಟ್ಟಿದಾಗ

ಸ್ವಾತಂತ್ರ್ಯಾನಂತರ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಂಥವರ ಶ್ರಮದಿಂದ ದೇಶದ ಕೈಕಸುಬುಗಳಿಗೆ ಹೊಸ ಗೌರವ ದೊರೆಯಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು. ಕಸೂತಿ ಪಡಸಾಲೆಯಿಂದ ಮಳಿಗೆಗೆ ಬಂದಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗದವರು ಹಳೆಯ ವಿನ್ಯಾಸಗಳನ್ನು ಅಭ್ಯಾಸ ಮಾಡಿದರು. ಭೌಗೋಳಿಕ ಸೂಚಕಗಳ ಕುರಿತ 1999ರ ಕಾನೂನು 2003ರಲ್ಲಿ ಜಾರಿಗೆ ಬಂದ ನಂತರ ಕಸೂತಿಗೆ ಆ ನೋಂದಣಿಯೂ ಸಿಕ್ಕಿತು. ಅದನ್ನು ಪಡೆದದ್ದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ. ಇಳಕಲ್ ಸೀರೆ, ನವಲಗುಂದದ ಜಮಖಾನೆಗಳಿಗೂ ಇಂಥ ಮಾನ್ಯತೆಯಿದೆ.

ಆದರೆ ಮಾನ್ಯತೆ ಹೆಸರನ್ನು ಕಾಯುತ್ತದೆ, ವೇಳೆಗೆ ಕೂಲಿ ಕೊಡಿಸುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬಾಕೆ ದಿನಕ್ಕೆ ಮೂರು ತಾಸಿನಂತೆ ಎರಡು ತಿಂಗಳು ಕೂತು ಒಂದು ಸೀರೆ ಮುಗಿಸಿದಳೆನ್ನಿ. ಅದು 180 ತಾಸು. ಎಂಟು ತಾಸಿನ ಕೂಲಿಗೆ ಇಪ್ಪತ್ತೆರಡೂವರೆ ದಿನ. ಅಷ್ಟು ದಿನದ ಕೂಲಿಗೆ ಬಟ್ಟೆ, ದಾರ, ಅಂಗಡಿಯ ಲಾಭ ಕೂಡಿಸಿ ಬರುವ ಬೆಲೆಯನ್ನು ಓದುಗರೇ ತಮ್ಮೂರಿನ ದರದಲ್ಲಿ ಗುಣಿಸಿ ನೋಡಬಹುದು. ಆ ಬೆಲೆ ಕೊಡಲು ಗಿರಾಕಿ ಹಿಂಜರಿದಾಗ ಕಡಿತಗೊಳ್ಳುವುದು ಬಟ್ಟೆಯ ಬೆಲೆಯಲ್ಲ, ದಾರದ ಬೆಲೆಯೂ ಅಲ್ಲ. "ಹೇಗೂ ಮನೆಯಲ್ಲಿ ಬಿಡುವಿದ್ದಾಗ ಮಾಡುವ ಕೆಲಸವಲ್ಲವೇ" ಎಂಬ ಮಾತು ಅಲ್ಲಿ ಒದಗಿಬರುತ್ತದೆ. ಯಾವ ಬಿಡುವು ಈ ಕಲೆಯನ್ನು ಸಾಕಿತೋ ಅದೇ ಬಿಡುವು ಅದರ ಕೂಲಿಯನ್ನು ತಿನ್ನುತ್ತದೆ.

ಇನ್ನೊಂದು ಕಡೆ ಯಂತ್ರವಿದೆ. ಯಂತ್ರಕ್ಕೂ ಗೋಪುರ ಬರುತ್ತದೆ, ನವಿಲು ಬರುತ್ತದೆ, ಅರ್ಧ ತಾಸೂ ಬೇಕಾಗುವುದಿಲ್ಲ. ಆದರೆ ಸಾಮಾನ್ಯ ಹೊಲಿಗೆ ಯಂತ್ರ ದುಡಿಯುವುದು ಎರಡು ದಾರಗಳಿಂದ. ಮೇಲಿನದೊಂದು, ಕೆಳಗಿನ ಬಾಬಿನ್ನಿನದೊಂದು. ಅವೆರಡೂ ಪ್ರತಿ ಹೊಲಿಗೆಯಲ್ಲಿ ಒಂದನ್ನೊಂದು ಸಿಕ್ಕಿಸಿಕೊಳ್ಳುತ್ತವೆ. ಹೋಗಿ ಮರಳಿ ಬರುವ ಒಂಟಿ ದಾರದ ನಡೆ ಅಲ್ಲಿಲ್ಲ. ಕಸೂತಿಯ ಚಿತ್ರವನ್ನು ಸೀರೆಯ ಮೇಲೆ ಅಚ್ಚೊತ್ತಿ ಮಾರುವುದೂ ಇದೆ. ಅಗ್ಗದ ಸೀರೆ ಉಡುವುದರಲ್ಲಿ ತಪ್ಪೇನಿಲ್ಲ. ಅದನ್ನು ಕಸೂತಿಯೆಂದು ಕರೆದು ಕಸೂತಿಯ ಬೆಲೆಯನ್ನು ಅದರ ಜೊತೆ ತೂಗಿದಾಗ ಮಾತ್ರ ಕೈಯಿಂದ ಹೊಲಿಯುವವಳಿಗೆ ಅನ್ಯಾಯ.

ಮತ್ತೆ ಮನೆಯೊಳಗೆ

ಇಂದು ಹವ್ಯಾಸಕ್ಕಾಗಿ ಕಸೂತಿ ಕಲಿಯುವವರು ಇದ್ದಾರೆ. ಅದಕ್ಕೆ ದೊಡ್ಡ ಬಂಡವಾಳ ಬೇಡ. ಚೌಕ ಚೌಕ ಎಳೆ ಕಾಣುವ ಮ್ಯಾಟಿ ಬಟ್ಟೆಯ ಒಂದು ತುಂಡು, ತುದಿ ಮೊಂಡಾದ ಸೂಜಿ, ಎರಡು ಬಣ್ಣದ ದಾರ ಸಾಕು. ಮೊದಲು ಗವಂತಿಯ ಒಂದು ನೇರ ಸಾಲು, ಆಮೇಲೆ ಮುರಗಿಯ ಮೆಟ್ಟಿಲು, ಅದು ಒಲಿದ ಮೇಲೆ ಪುಟ್ಟ ತುಳಸಿಕಟ್ಟೆ. ದಾರದ ತುದಿಗೆ ಗಂಟು ಹಾಕದೆ, ಅದನ್ನು ಹೊಲಿಗೆಯ ಅಡಿಯಲ್ಲೇ ಅಡಗಿಸುವುದನ್ನು ಆರಂಭದಿಂದಲೇ ರೂಢಿಸಿಕೊಳ್ಳಬೇಕು. ಬೆಳಕು ಚೆನ್ನಾಗಿರಲಿ, ಕಣ್ಣಿಗೂ ಕತ್ತಿಗೂ ನಡುನಡುವೆ ವಿಶ್ರಾಂತಿ ಇರಲಿ. ಈ ಕೆಲಸ ಹೆಣ್ಣುಮಕ್ಕಳಿಗೇ ಮೀಸಲು ಎಂಬ ನಿಯಮವೂ ಈಗ ಬೇಕಿಲ್ಲ. ಎಳೆ ಎಣಿಸಲು ಬರುವ ಯಾವ ಹುಡುಗನಿಗೂ ಇದು ಬಂದೀತು.

ಹವ್ಯಾಸಿಗಳಿಂದ ಕಲೆ ಉಳಿಯುತ್ತದೆಯೇ ಎಂದು ಅನುಮಾನಿಸುವವರಿಗೆ ಇಷ್ಟು ಹೇಳಬಹುದು: ಕಸೂತಿಯನ್ನು ಇಲ್ಲಿಯವರೆಗೆ ತಂದವರೂ ಮಾರಾಟಕ್ಕೆ ಹೊಲಿದವರಲ್ಲ. ಹವ್ಯಾಸದ ಇನ್ನೊಂದು ಪ್ರಯೋಜನವೂ ಇದೆ. ಸ್ವತಃ ಅಂಗೈಯಗಲದ ಗೋಪುರವೊಂದನ್ನು ಹೊಲಿದು, ಒಂದು ಎಳೆ ತಪ್ಪಿದ್ದಕ್ಕೆ ಅರ್ಧ ಬಿಚ್ಚಿ, ಮತ್ತೆ ಹೊಲಿದವರು ಅಂಗಡಿಯಲ್ಲಿ ಕಸೂತಿ ಸೀರೆಯ ಬೆಲೆ ಕೇಳಿದಾಗ ಚೌಕಾಸಿಗೆ ಇಳಿಯುವ ಮೊದಲು ಒಂದು ಕ್ಷಣ ತಡೆಯುತ್ತಾರೆ. ಆ ಸೀರೆಯಲ್ಲಿ ಯಾರದೋ ಎಷ್ಟು ಮಧ್ಯಾಹ್ನಗಳಿವೆ ಎಂಬುದು ಅವರಿಗೆ ಗೊತ್ತಿರುತ್ತದೆ.