ಬ್ಲಫ್ಪಿನ ಕರೆಂಟು, ಹಾಡೋ ಪೆಟ್ಟಿಗೆ, ಹಿಂದ್ಗಡೆ ತೂತು

ನಮ್ಮ ಬ್ಲಫ್ಪಿನ ಪವರ್ ಹೌಸು ಶುರುವಾದದ್ದು 1902ರಲ್ಲಿ ಅನ್ನೋದು ಇಲ್ಲಿ ಸ್ಕೂಲಿಗೆ ಹೋದ ಎಲ್ಲರಿಗೂ ಬಾಯಿಪಾಠ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಕೈ ಹಾಕಿದ ಕೆಲಸ. ಮೊದಲ ಕರೆಂಟು ಹೋದದ್ದು 90 ಮೈಲಿಗೂ ಆಚೆ ಇರೋ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗ್ಳೂರಿನ ಬೀದಿ ದೀಪ ಹತ್ತಿದ್ವು. ಸುತ್ತಮುತ್ತಲ ಹಳ್ಳಿಯೋರು ಮಾತ್ರ ತಲೆ ಮ್ಯಾಲೆ ಹಾದುಹೋಗೋ ತಂತಿ ನೋಡ್ಕೊಂಡು ಬುಡ್ಡಿ ದೀಪದಲ್ಲೇ ಎಷ್ಟೋ ವರ್ಷ ಕಳೆದ್ರು.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದದೆ. ಅದೇ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅನ್ನೋ ಗಾಯಕಿ ಗ್ರಾಮಫೋನ್ ಕಂಪನಿಯವರ ಮುಂದೆ ಕೂತು ಹಾಡಿದ್ರು. ನಮ್ಮ ದೇಶದಲ್ಲಿ ಪ್ಲೇಟಿಗೆ ಇಳಿದ ಮೊದಮೊದಲ ದನಿಗಳಲ್ಲಿ ಅವರದೂ ಒಂದು. ಕೊನೆಗಾಲದಲ್ಲಿ ಆಯಮ್ಮ ನಮ್ಮ ಮೈಸೂರಿಗೇ ಬಂದು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಇಲ್ಲೇ ತೀರಿಕೊಂಡ್ರು. ಅಂದ್ರೆ ಕರೆಂಟು, ಹಾಡೋ ಪೆಟ್ಟಿಗೆ ಎರಡೂ ಒಂದೇ ವಾರಗೆಯವು. ಆದ್ರೆ ಆಗಿನ ಪೆಟ್ಟಿಗೆಗೆ ಕರೆಂಟೇ ಬೇಕಿರ್ಲಿಲ್ಲ. ಕೀ ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಿದ್ರೆ ಸಾಕು, ಪ್ಲೇಟು ತಿರುಗೋದು. ಮುಳ್ಳು ಸವೆದ್ರೆ ಡಬ್ಬೀಲಿ ಬೇರೆ ಮುಳ್ಳು ಇರೋದು. ಆಮೇಲೆ ನಿಧಾನವಾಗಿ ತಿರುಗೋ ದೊಡ್ಡ ಎಲ್.ಪಿ. ಪ್ಲೇಟು ಬಂದು, 70ರ ದಶಕ ಹಿಡಿಯೋ ಹೊತ್ತಿಗೆ ಹಳೇ 78ರ ಪ್ಲೇಟು ಮಾಡೋದೇ ನಿಂತೋಯ್ತು. ಕೀ ಕೊಡೋ ಪೆಟ್ಟಿಗೆ ಇಟ್ಕೊಂಡೋರಿಗೆ ಹೊಸ ಹಾಡು ಸಿಗ್ದಂಗಾಯ್ತು. ಆದ್ರೂ ಇದ್ದ ಪ್ಲೇಟು ಮೂಕ ಆಗ್ಲಿಲ್ಲ.

ರೇಡಿಯೋ ಕಥೆ ಇನ್ನೂ ಒಳ್ಳೇದು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೇಲೇ ಬಾನುಲಿ ಶುರು ಮಾಡಿದ್ರು. ಆಕಾಶವಾಣಿ ಅನ್ನೋ ಹೆಸರು ಬಂದದ್ದು ಅಲ್ಲಿಂದಲೇ. ನಾನು ಚಿಕ್ಕೋಳಿದ್ದಾಗ ನಮ್ಮಪ್ಪನ ಮನೇಲಿದ್ದದ್ದು ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ. ಹಾಕಿದ ಮ್ಯಾಲೆ ಬಿಸಿ ಆಗಿ ದನಿ ಬರೋಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯೋದು. ವರ್ಷಕ್ಕೊಂದ್ಸಲ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ವಾಲ್ವ್ ಸುಟ್ಟೋದ್ರೆ ನಮ್ಮಪ್ಪ ಅದರ ಮ್ಯಾಲಿನ ನಂಬರು ಚೀಟೀಲಿ ಬರ್ಕೊಂಡು ಹೋಗಿ ಅದೇ ನಂಬರಿಂದು ತಂದು ಸಿಗಿಸೋರು. ಬೆಂಗ್ಳೂರಿನ ಜಾಲಹಳ್ಳಿ ಬಿ.ಇ.ಎಲ್. ಫ್ಯಾಕ್ಟರೀಲೇ 60ರ ದಶಕದಿಂದ ವಾಲ್ವ್ ಮಾಡ್ತಿದ್ರು. ರೇಡಿಯೋ ಯಾವ ಕಂಪನೀದಾದ್ರೂ ನಂಬರ್ ಒಂದೇ ಆದ್ರೆ ಕೂತ್ಕೊಳ್ಳೋದು. ಈ ಮಾತು ಒಸಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತದೆ.

ಕ್ಯಾಸೆಟ್ಟು ಫಿಲಿಪ್ಸ್ ಕಂಪನಿಯೋರು 1963ರಲ್ಲಿ ತಂದದ್ದು. 1978ರಲ್ಲಿ ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಆಗಿ ಬಂತು. ಆಮೇಲೆ ನಮ್ಮ ಕಿಕ್ಕೇರಿ ನರಸಿಂಹಸ್ವಾಮಿಯವರ ಮೈಸೂರ ಮಲ್ಲಿಗೆ. ಹಾಡು ಕೇಳೋದಷ್ಟೇ ಅಲ್ಲ, ನಮ್ಮ ದನಿಯನ್ನ ನಾವೇ ಹಿಡಿದು ಮಡಗಬಹುದು ಅಂತ ಹೆಂಗಸ್ರಿಗೆ ತೋರಿಸಿಕೊಟ್ಟದ್ದು ಈ ಕ್ಯಾಸೆಟ್ಟೇ. ನಮ್ಮತ್ತೆಯೋರು ಓದು ಬರಹ ಕಲಿತೋರಲ್ಲ. ಆದ್ರೆ ಸೋಬಾನೆಗೆ ಕೂತ್ರೆ ಚಪ್ಪರದ ದಿನದಿಂದ ಹೆಣ್ಣು ಒಪ್ಪಿಸೋತಂಕ ಒಂದು ಪದ ಎರಡನೇ ಸಲ ಬರ್ತಿರ್ಲಿಲ್ಲ. 1991ರಲ್ಲಿ ನನ್ನ ದೊಡ್ಡ ನಾದಿನಿ ಮದುವೇಲಿ, ಪಕ್ಕದ ಕ್ವಾರ್ಟರ್ಸಿನೋರ ಟೇಪ್ ರೆಕಾರ್ಡರ್ ಈಸ್ಕೊಂಡು 11 ಕ್ಯಾಸೆಟ್ ತುಂಬಿಸಿದ್ವಿ.

ಅದಕ್ಕೋಸ್ಕರವೇ 1996ರಲ್ಲಿ ಚೀಟಿ ದುಡ್ಡು ಎತ್ತಿ ಮಂಡ್ಯದಿಂದ ಒಂದು ಮ್ಯೂಸಿಕ್ ಸಿಸ್ಟಮ್ ತಂದ್ವಿ. ಕಂಪನಿ ಹೆಸ್ರು ಬ್ಯಾಡ ಬಿಡಿ. ಎರಡು ಕ್ಯಾಸೆಟ್ಟು, ರೇಡಿಯೋ, ಆಳೆತ್ತರ ಅಲ್ದಿದ್ರೂ ಮಂಡಿಯೆತ್ತರದ ಎರಡು ಸ್ಪೀಕರ್. ಅಂಗಡಿಯಾತ ಹಿಂದ್ಗಡೆ ಒಂದು ತೂತು ತೋರಿಸಿ, ಮುಂದಕ್ಕೆ ಸಿ.ಡಿ. ಡಬ್ಬ ತಗೊಂಡು ಇಲ್ಲೇ ಸಿಗಿಸ್ಕೊಳ್ಳಿ, ಹೊಸ ಸೆಟ್ ತಗೊಳ್ಳೋದೇ ಬ್ಯಾಡ ಅಂದ. ಕಂಪನಿ ಪುಸ್ತಕದಲ್ಲೂ ಹಂಗೇ ಬರೆದಿತ್ತು. ಆ ತೂತಿಗೆ ಅಂತಲೇ ಒಂದೂವರೆ ಸಾವಿರ ಹೆಚ್ಚು ಕೊಟ್ವಿ. ಮೂರು ವರ್ಷ ದುಡ್ಡು ಕೂಡಿಸಿ ಡಬ್ಬ ತರಕ್ಕೆ ಹೋದ್ರೆ, ಆ ಮಾಡಲ್ ನಿಲ್ಲಿಸಿದ್ದಾರೆ, ಡಬ್ಬ ಬರಾಕಿಲ್ಲ ಅಂದ್ರು. ಬೇರೆ ಕಂಪನಿ ಡಬ್ಬ ಹಾಕೋಣ ಅಂದ್ರೆ ಆ ತೂತಿಗೆ ಅವರದೇ ಪಿನ್ನು, ಬೇರೆ ಯಾವುದೂ ಕೂರಲ್ಲ. ನಮ್ಮೆಜಮಾನರು ಮೂರು ಕಾಗದ ಬರೆದ್ರು. ಒಂದಕ್ಕೆ ಉತ್ತರ ಬಂತು: ಹಳೇದು ಕೊಟ್ಟು ಹೊಸ ಸೆಟ್ ತಗೊಂಡ್ರೆ ಸ್ವಲ್ಪ ಕಡಿಮೆ ಮಾಡ್ತೀವಿ ಅಂತ. ಹಸು ಮಾರಿದೋನು ಕರು ಕೇಳಿದ್ರೆ, ಆ ಹಸು ಕೊಟ್ಟು ಇನ್ನೊಂದು ಹಸು ತಗೊಳ್ಳಿ ಅಂದಂಗಾಯ್ತು.

ಮಳವಳ್ಳಿಯ ರಿಪೇರಿ ಅಂಗಡಿಯೋರು ಬಿಚ್ಚಿ ನೋಡಿ ನನಗೆ ಒಂದು ವಿಷಯ ಹೇಳ್ಕೊಟ್ರು. ಎಲ್ಲ ಕಂಪನಿಗೂ ಒಂದೇ ಥರ ಇರೋ ಕೆಂಪು-ಬಿಳಿ ತೂತಿನ ಜೋಡಿ ಇದ್ದಿದ್ರೆ ಯಾವ ಡಬ್ಬ ಬೇಕಾದ್ರೂ ಸಿಗಿಸಬಹುದಿತ್ತಂತೆ. ನಮ್ಮಪ್ಪನ ವಾಲ್ವ್ ನಂಬರಿನ ಲೆಕ್ಕವೂ ಇದೇ ತಾನೆ? ಆಗಿನ ರೇಡಿಯೋದ ಆಯಸ್ಸು ರಿಪೇರಿಯೋನ ಕೈಲಿತ್ತು, ಈಗಿನದರ ಆಯಸ್ಸು ಕಂಪನಿ ಕೈಗೆ ಹೋಗದೆ.

ಇದರ ದೊಡ್ಡಣ್ಣ ಅಂದ್ರೆ ವರ್ಲ್ಡ್‌ಸ್ಪೇಸ್ ರೇಡಿಯೋ. 2000ನೇ ಇಸವೀಲಿ ಏಷ್ಯಾಸ್ಟಾರ್ ಅನ್ನೋ ಉಪಗ್ರಹ ಹಾರಿಸಿ, ಇಲ್ಲಿಯ ಆಫೀಸು ಬೆಂಗ್ಳೂರಲ್ಲೇ ಮಾಡಿದ್ರು. ಪುಟ್ಟ ಆಂಟೆನಾವನ್ನ ಮೂಡ್ಲು ದಿಕ್ಕಿನ ಆಕಾಶಕ್ಕೆ ತಿರುಗಿಸಿ ಮಡಗಿದ್ರೆ ಗೊರಗೊರ ಇಲ್ದೆ ಹಾಡು ಬರೋದು. ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’ ಅಂತ ಬೇರೆಬೇರೆ ಚಾನೆಲ್. ಎ.ಆರ್. ರೆಹಮಾನ್ ಜಾಹೀರಾತಿನಲ್ಲಿದ್ರು. ಪೆಟ್ಟಿಗೆಗೂ ದುಡ್ಡು, ವರ್ಷದ ಚಂದಾಕ್ಕೂ ದುಡ್ಡು. 2008ರಲ್ಲಿ ಅಮೆರಿಕಾದಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. 2009ರ ಡಿಸೆಂಬರ್ 31ಕ್ಕೆ ಇಲ್ಲಿ ದನಿ ನಿಂತೋಯ್ತು. ಅವರ ಚಂದಾದಾರರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ನಮ್ಮ ದೇಶದೋರೇ. ಉಪಗ್ರಹ ಮಾತ್ರ ಹಿಡಿಯೋ ಪೆಟ್ಟಿಗೆ ಇದ್ದೋರ ಗತಿ ನೋಡಿ: ಒಂದು ಸ್ಕ್ರೂ ಸಡಿಲ ಆಗಿಲ್ಲ, ಒಂದು ತಂತಿ ಸುಟ್ಟಿಲ್ಲ, ಆದ್ರೂ ಪೆಟ್ಟಿಗೆ ಮೂಕ. ರಿಪೇರಿಯೋರ ತಾವ ತಗೊಂಡೋಗಿ ಏನಂತ ಹೇಳಾದು? ಕೀ ಕೊಡೋ ಗ್ರಾಮಫೋನಿಗೂ ಈ ಗತಿ ಬಂದಿರ್ಲಿಲ್ಲ.

ನಮ್ಮ ಸೆಟ್ಟಿಗೆ ಬತ್ತೀನಿ. ಸಿ.ಡಿ. ಆಸೆ ಬಿಟ್ಟು ಕ್ಯಾಸೆಟ್ಟಿಗೇ ಇಟ್ಕೊಂಡಿದ್ವಿ. ಆಮೇಲಾಮೇಲೆ ಅದೂ ಹಾಡು ಎಳೀತಾ ಎಳೀತಾ ನಿಂತೋಯ್ತು. ಅತ್ತೆಯೋರು ಹೋದ ಮ್ಯಾಲೆ, ಹೋದ ವರ್ಷ, ಅವರ ದನಿ ಕೇಳ್ಬೇಕು ಅನ್ನಿಸಿ ಅಟ್ಟದಿಂದ ಇಳಿಸಿ ಮತ್ತೆ ಮಳವಳ್ಳಿಗೆ ಒಯ್ದೆ. ಒಳಗಿನ ರಬ್ಬರ್ ಬೆಲ್ಟು ಕರಗಿ ಬೆಲ್ಲದ ಪಾಕದಂಗೆ ಅಂಟ್ಕೊಂಡಿತ್ತು. ಕಂಪನಿ ಬೆಲ್ಟು ಸಿಗಲ್ಲ. ಆದ್ರೆ ಬೆಲ್ಟಿಗೆ ಕಂಪನಿ ಏನು, ಅಳತೆ ಸರಿಯಾದ್ರೆ ಸಾಕು. ಬೇರೆ ಯಾವುದೋ ಹಳೇ ಟೇಪಿಂದು ತೆಗೆದು ಹಾಕಿ, ಹತ್ತೀಲಿ ಸ್ಪಿರಿಟ್ ಅದ್ದಿ ಹೆಡ್ ಒರೆಸಿ 200 ರೂಪಾಯಿ ಈಸ್ಕೊಂಡ್ರು.

11ರಲ್ಲಿ 9 ಕ್ಯಾಸೆಟ್ ಹಾಡಿದ್ವು. ಮಗಳು ಎಲ್ಲಾವ ಫೋನಿಗೆ ಇಳಿಸಿ ಕೊಟ್ಟಿದ್ದಾಳೆ, ಕೇಳಿದೋರಿಗೆ ಕಳಿಸ್ತೀನಿ. ಎರಡಕ್ಕೆ ಬೂಷ್ಟು ಹಿಡಿದು ಟೇಪು ಒಂದಕ್ಕೊಂದು ಅಂಟ್ಕೊಂಡದೆ. ಅದರಲ್ಲೇ ಹೆಣ್ಣು ಒಪ್ಪಿಸೋ ಪದ ಇರೋದು. ಆ ಮದುವೆ ಆದ ಮ್ಯಾಲೆ ಬೆಳಕವಾಡಿ ಕಡೆಯೋರು, ಇಲ್ಲಿಯ ಹಳೇ ಕ್ವಾರ್ಟರ್ಸಿನೋರು ಇಬ್ಬರು ಮೂವರು ಕ್ಯಾಸೆಟ್ ಈಸ್ಕೊಂಡೋಗಿ ಕಾಪಿ ಮಾಡ್ಕೊಂಡಿದ್ರು. ಯಾರ್ಯಾರು ಅಂತ ನನಗೀಗ ನೆನಪಿಲ್ಲ. ನಿಮ್ಮ ಅಟ್ಟದಲ್ಲೋ ಟ್ರಂಕಲ್ಲೋ ಒಂದ್ಸಲ ನೋಡಿ, ಸಿಕ್ಕಿದ್ರೆ ಹಾಕಿ ನೋಡಕ್ಕೆ ಹೋಗಬ್ಯಾಡಿ, ಹಂಗೇ ನನಗೆ ತಂದ್ಕೊಡಿ. ಬೆಲ್ಟ್ ಹಾಕಿದ ಸೆಟ್ಟು ನಡುಮನೇಲೇ ಮಡಗಿದ್ದೀನಿ.