ಜೋಡಿಗೆ ಮೀರಿದ ಹೆಣ್ಣುಕುದುರೆ

ಎತ್ತು ಕೊಳ್ಳುವ ನಮ್ಮ ರೈತನು ಹಲ್ಲನ್ನು ನೋಡುವಷ್ಟೇ ಎಚ್ಚರದಿಂದ ಜೋಡಿಯ ಎತ್ತರವನ್ನೂ ನೋಡುತ್ತಾನೆ. ಇಂಗ್ಲೆಂಡಿನ ಲೆಸ್ಟರ್‌ಷೈರ್ ಸೀಮೆಯ ಒಕ್ಕಲಿಗನಿಗೂ ಈ ಚಿಂತೆಯಿದ್ದಿತು. ಅವನ ನೇಗಿಲಿಗೆ ಹೂಡುತ್ತಿದ್ದುದು ಮಾತ್ರ ಕುದುರೆಯನ್ನು.

ಆ ಸೀಮೆಯ ಕುದುರೆಗಳ ಗಾತ್ರವನ್ನು ಡೇನಿಯಲ್ ಡಿಫೋ 1720ರ ದಶಕದಲ್ಲಿಯೇ ಹೊಗಳಿದ್ದಾನೆ. ಡಿಶ್ಲಿಯ ರಾಬರ್ಟ್ ಬೇಕ್‌ವೆಲ್ (1725–1795) ಅಲ್ಲಿಯ ಕರಿಯ ಬಂಡಿಗುದುರೆಯ ತಳಿಯನ್ನು ತಿದ್ದಿದವರಲ್ಲಿ ಪ್ರಮುಖನು. ಈ ಭಾರಿ ಕುದುರೆಗಳು ನೇಗಿಲು ಎಳೆಯತೊಡಗಿದ ಮೇಲೂ ಐದಾರು ವರ್ಷ ತುಂಬುವವರೆಗೆ ಬೆಳೆಯುತ್ತವೆ. ಹಿಡ ಮಾಡಿದ ಗಂಡು 17 ಹ್ಯಾಂಡ್, ಎಂದರೆ ಹೆಗಲಿನವರೆಗೆ 5 ಅಡಿ 8 ಅಂಗುಲ, ಬೆಳೆದರೆ ಒಕ್ಕಲಿಗನಿಗೆ ಹಬ್ಬ. ಲಂಡನ್ನಿನ ಬಿಯರ್ ತಯಾರಕರು ಪೀಪಾಯಿಯ ಬಂಡಿಗಾಗಿ ಅದನ್ನು ಕೊಳ್ಳುತ್ತಿದ್ದರು. ಅಲ್ಲಿ ಎತ್ತರವೇ ಶೋಭೆ.

ಹೆಣ್ಣಿನ ಮಾತು ಬೇರೆ. ಪೇಟೆಯವರಿಗೆ ಹೆಚ್ಚಾಗಿ ಬೇಕಾದುದು ಗಂಡೇ. ಹೊಲದಲ್ಲಿಯಾದರೋ ಎತ್ತರದ ಕುದುರೆಯ ಸರಪಣಿಯು ಓರೆಯಾಗಿ ನೇಗಿಲನ್ನು ಮೇಲಕ್ಕೆಳೆಯುವುದು, ಮೇವೂ ಹೆಚ್ಚು. ಆದರೂ ಅದನ್ನು ಮಾರಿದರೆ, ಹನ್ನೊಂದು ತಿಂಗಳು ಹೊತ್ತು ನಾಳೆ ಎತ್ತರದ ಮರಿಯನ್ನೀಯುವ ಬಸಿರನ್ನೇ ಮಾರಿದಂತೆ. ಕೈಯಲ್ಲಿ ಹಣವಿದ್ದವನು ಅದನ್ನು ಇಟ್ಟುಕೊಂಡನು, ಗೇಣಿಯ ದಿನ ಸಮೀಪಿಸಿದವನು ಸಂತೆಗೆ ಹೊಡೆದನು ಎಂದೇ ನಾವು ತಿಳಿಯುತ್ತೇವೆ.

1878ರಲ್ಲಿ ಹುಟ್ಟಿದ ಬಂಡಿಗುದುರೆಗಳ ಸಂಘವು 1884ರಲ್ಲಿ ಷೈರ್ ಕುದುರೆಗಳ ಸಂಘವಾಯಿತು. ವಂಶಾವಳಿಯ ಪುಸ್ತಕದಲ್ಲಿ ಹೆಸರು ಸೇರಿದ ಹೆಣ್ಣಿಗೆ, ಎತ್ತರವಿದ್ದರೂ, ಅಲ್ಲ, ಎತ್ತರವಿದ್ದುದರಿಂದಲೇ, ಬೆಲೆ ಬಂದಿತು. ಆ ವೈಭವವು ಬಹುಕಾಲ ಉಳಿಯಲಿಲ್ಲ. ಮೊದಲು ಲಾರಿಯು ಬೀದಿಯನ್ನು ಹಿಡಿಯಿತು. ಎರಡನೆಯ ಮಹಾಯುದ್ಧದ ತರುವಾಯ ಟ್ರಾಕ್ಟರು ಹೊಲವನ್ನೂ ಹಿಡಿಯಿತು. ಸಾವಿರಾರು ಕುದುರೆಗಳು, ಎಳೆಯವು ಸಹ, ಕಟುಕರ ಪಾಲಾದವು.